ತೋಟದ ಕೆರೆಯ ಏರಿ ಎಷ್ಟು ಗಟ್ಟಿ?

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ರೊಬಸ್ಟಾ ಕಾಫಿ ಬೆಳೆಗಾರನಿಗೆ ಸ್ವಂತ ಕೆರೆ ಇಲ್ಲದಿದ್ದರೆ ಫೆಬ್ರವರಿ ಬಂತೆಂದರೆ ಆಕಾಶ ನೋಡುವುದೇ ಕೆಲಸ. ಹೂವಿನ ಮಳೆ ಸಕಾಲಕ್ಕೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಒಂದೂವರೆ ಇಂಚಿನಷ್ಟು ನೀರು ಕೊಟ್ಟು ಮೊಗ್ಗು ಅರಳಿಸಬೇಕು. ಅದಾದ ಮೂರು ವಾರದ ಸುಮಾರಿಗೆ ಬ್ಯಾಕಿಂಗ್ ಎಂದು ಇನ್ನೊಮ್ಮೆ ಕೊಡಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್. ಈ ಲೆಕ್ಕದ ಒತ್ತಡಕ್ಕೆ ಸಿಕ್ಕಿ ಮಲೆನಾಡಿನ ಕಣಿವೆಗಳ ತಗ್ಗಿನ ಹಡ್ಲುಗದ್ದೆಗಳು ಒಂದೊಂದಾಗಿ ಕೆರೆಗಳಾಗಿವೆ. ನಮ್ಮ ತೋಟದ ಕೆರೆಯೂ ಹಾಗೆಯೇ ಆದದ್ದು. ದೊಡ್ಡಪ್ಪನವರು ಮೊದಲು ಆಳುಗಳಿಂದ ಮಣ್ಣು ಹೊರಿಸಿ ಕಟ್ಟಿಸಿದ್ದ ಸಣ್ಣ ಕಟ್ಟೆಯನ್ನು ಜೆಸಿಬಿ ಬಂದ ಮೇಲೆ ಎರಡು ಸಲ ಎತ್ತರಿಸಲಾಯಿತು. ಈಗ ಏರಿಯ ಎತ್ತರ ನಡುವಿನಲ್ಲಿ 22 ಅಡಿ, ಉದ್ದ 200 ಅಡಿ. ತುಂಬಿದಾಗ ನೀರು ಎರಡು ಎಕರೆಯಷ್ಟು ಹರಡಿ ಸುಮಾರು ಎರಡು ಕೋಟಿ ಲೀಟರ್ ನಿಲ್ಲುತ್ತದೆ. ಇದಕ್ಕೆ ನಕ್ಷೆಯಾಗಲಿ, ಅಂದಾಜು ಪಟ್ಟಿಯಾಗಲಿ, ಒಳಗೆ ಯಾವ ಮಣ್ಣು ಹಾಕಿದರೆಂಬ ದಾಖಲೆಯಾಗಲಿ ಇರಲಿಲ್ಲ. ಇಷ್ಟು ವರ್ಷ ನೀರು ನಿಂತಿದೆ ಎಂಬುದೊಂದೇ ಏರಿ ಗಟ್ಟಿಯಾಗಿದೆ ಎನ್ನುವುದಕ್ಕೆ ನಮ್ಮಲ್ಲಿದ್ದ ಆಧಾರ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಊರೂರಿನಲ್ಲಿ ಅದೇ ಮಾತಾಯಿತು. ಆಗ ಕೆಳಗಿನ ಗದ್ದೆಯ ಹಿರಿಯರೊಬ್ಬರು ಸಹಜವಾಗಿ, ‘ನಿಮ್ಮ ಕೆರೆದನ್ನ ಯಾರು ನೋಡ್ತಾರಪ್ಪ?’ ಎಂದು ಕೇಳಿದರು. ಉತ್ತರ ಹುಡುಕುತ್ತಾ ಹೋದರೆ, ಯಾರೂ ನೋಡುವುದಿಲ್ಲ ಎಂಬುದು ತಿಳಿಯಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ನಡುವಿನವು ಉದ್ದ, ಸಂಗ್ರಹ, ಪ್ರವಾಹದ ಪ್ರಮಾಣ, ತಳಪಾಯದ ತೊಡಕು ಇತ್ಯಾದಿ ಷರತ್ತುಗಳಲ್ಲಿ ಒಂದಕ್ಕಾದರೂ ಒಳಪಟ್ಟರೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ನಮ್ಮದು ಏಳು ಮೀಟರೂ ಇಲ್ಲ. ಇಂಗ್ಲೆಂಡಿನಲ್ಲಿ ಎತ್ತರದ ಬದಲು ನೀರಿನ ಪ್ರಮಾಣವನ್ನು ಹಿಡಿದು, 25,000 ಘನ ಮೀಟರಿಗೆ ಮೇಲ್ಪಟ್ಟ ಜಲಾಶಯಗಳನ್ನು ಕಾನೂನಿನಡಿ ತಂದಿದ್ದಾರೆ; ಆ ಅಳತೆಯಲ್ಲಿಯೂ ನಮ್ಮ ಕೆರೆ ಸ್ವಲ್ಪದರಲ್ಲಿ ಹೊರಗೇ ಉಳಿಯುತ್ತದೆ. ಪರೀಕ್ಷೆಯ ಕಡ್ಡಾಯವಿಲ್ಲವೆಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂದು ನಮ್ಮ ವಕೀಲರು ಎಚ್ಚರಿಸಿದರು. ಅವರು ಉದಾಹರಿಸಿದ್ದು 1868ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯನ್ನು: ಗಿರಣಿ ಮಾಲೀಕನೊಬ್ಬ ತನ್ನ ಅನುಕೂಲಕ್ಕೆ ಕಟ್ಟಿಸಿದ ಜಲಾಶಯದ ನೀರು ಹಳೆಯ ಸುರಂಗಗಳ ಮೂಲಕ ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತ್ತು, ಮಾಲೀಕನ ಅಲಕ್ಷ್ಯ ಸಾಬೀತಾಗದಿದ್ದರೂ ನಷ್ಟ ತುಂಬಿಕೊಡುವ ಹೊಣೆ ಅವನದೇ ಎಂದಾಯಿತು. ಸಣ್ಣ ಖಾಸಗಿ ಜಲಾಶಯದಿಂದಲೇ ಹುಟ್ಟಿದ ಈ ತತ್ವವನ್ನು ನಮ್ಮ ನ್ಯಾಯಾಲಯಗಳೂ ಒಪ್ಪಿಕೊಂಡಿವೆ. ಕೀನ್ಯಾದ ಸೊಲಾಯ್ ಎಂಬಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ತೋಟವೊಂದರ ಮಣ್ಣಿನ ಅಣೆಕಟ್ಟು ಒಡೆದು 40ಕ್ಕೂ ಹೆಚ್ಚು ಜನ ಸತ್ತದ್ದನ್ನು ಓದಿದ ಮೇಲೆ, ನಷ್ಟ ತುಂಬಿಕೊಡುವ ಮಾತೇ ನನಗೆ ಸಣ್ಣದಾಗಿ ಕಂಡಿತು. ನಮ್ಮ ಏರಿಯ ಕೆಳಗೆ ಮೊದಲು ನಮ್ಮದೇ ಕೂಲಿಕಾರರ ಲೈನ್ ಮನೆಗಳು, ಆಮೇಲೆ ಗದ್ದೆಬಯಲು, ಅದರಾಚೆ ಊರಿನ ರಸ್ತೆಯ ಮೋರಿ.

ಸಣ್ಣ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ಎಂಜಿನಿಯರೊಬ್ಬರು ಬರಲು ಒಪ್ಪಿದರು. ಕೆರೆ ತುಂಬಿರುವಾಗ ಒಮ್ಮೆ, ಸ್ಪ್ರಿಂಕ್ಲರ್ ಹೊಡೆದು ಖಾಲಿಯಾದಾಗ ಒಮ್ಮೆ ನೋಡಬೇಕೆಂಬುದು ಅವರ ಮೊದಲ ಷರತ್ತು. ತುಂಬಿದಾಗ ಹೊರಮೈ ತನ್ನ ದೋಷವನ್ನು ತೋರಿಸುತ್ತದೆ, ಖಾಲಿಯಾದಾಗ ಒಳಮೈ ತೋರಿಸುತ್ತದೆ. ಎರಡನೆಯ ಷರತ್ತು, ಹೊರಮೈಯ ಲಂಟಾನ ಪೊದೆಗಳನ್ನೆಲ್ಲ ನೆಲಮಟ್ಟಕ್ಕೆ ಸವರಿಸಬೇಕು, ಆದರೆ ಯಾವುದನ್ನೂ ಕೀಳಬಾರದು, ಬೆಂಕಿಯನ್ನೂ ಹಾಕಬಾರದು ಎಂಬುದು. ಸವರಿ ಮುಗಿದಾಗ ನಾನು ಹುಟ್ಟಿದಂದಿನಿಂದ ನೋಡಿದ ಏರಿಯ ಹಿಂಬದಿಯನ್ನು ಮೊದಲ ಬಾರಿ ಪೂರ್ತಿಯಾಗಿ ನೋಡಿದೆ ಎಂದರೆ ತಪ್ಪಾಗಲಾರದು.

ತೋಟದಲ್ಲಿ ಎಲ್ಲರಿಗೂ ಗೊತ್ತಿದ್ದ ದೋಷವೊಂದಿತ್ತು. ಏರಿಯ ಬುಡದಲ್ಲಿ ಎಡಗಡೆಗೆ ಬೇಸಿಗೆಯಲ್ಲಿಯೂ ಆರದ ತೇವ. ಅಲ್ಲಿ ಕೆಸ ಎಷ್ಟು ಸೊಂಪಾಗಿ ಬೆಳೆಯುತ್ತಿತ್ತೆಂದರೆ ಲೈನಿನ ಹೆಂಗಸರು ಪತ್ರೊಡೆಗೆಂದು ಅಲ್ಲಿಂದಲೇ ಎಲೆ ಕೊಯ್ಯುತ್ತಿದ್ದರು. ನಾನು ಎಂಜಿನಿಯರರನ್ನು ನೇರವಾಗಿ ಅಲ್ಲಿಗೇ ಕರೆದುಕೊಂಡು ಹೋದೆ. ಅವರು ಒಂದು ಸಣ್ಣ ಗುಂಡಿ ತೋಡಿಸಿ, ನೀರು ತಿಳಿಯಾಗುವವರೆಗೆ ಕಾದು, ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. ತಳದಲ್ಲಿ ಒಂದು ಕಣವೂ ಕೂರಲಿಲ್ಲ. ‘ಗೌಡ್ರೇ, ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಒಸರೇ ಒಸರುತ್ತೆ. ನೀರು ಬರೀ ನೀರಾಗಿ ಬರ್ತಾ ಇದ್ರೆ ಅಳೀತಾ ಇರೋಣ. ಮಣ್ಣು ತಗೊಂಡು ಬರ್ತಾ ಇದ್ರೆ ಆಗ ನಿದ್ದೆ ಬಿಡಬೇಕು’ ಎಂದರು. ಮಣ್ಣು ತರುವ ಜಾಗ ಸಿಕ್ಕಿದ್ದು ಯಾರೂ ಲಕ್ಷ್ಯ ಕೊಡದಿದ್ದ ತೂಬಿನ ಬಾಯಲ್ಲಿ. ಏರಿಯ ತಳದಲ್ಲಿ ಹಾದುಬಂದ ಆರಿಂಚಿನ ಹಳೆಯ ಸಿಮೆಂಟ್ ಪೈಪಿನ ಹೊರತುದಿಗೆ ವಾಲ್ವ್ ಕೂರಿಸಲಾಗಿತ್ತು. ವಾಲ್ವಿನಿಂದ ಹನಿ ಬೀಳುವುದನ್ನು ನಾವೆಲ್ಲ ನೋಡಿದ್ದೆವು. ಆದರೆ ಪೈಪಿನ ಹೊರಮೈಗೂ ಕಲ್ಲುಕಟ್ಟಡಕ್ಕೂ ನಡುವೆ, ಬೆರಳು ತೂರುವಷ್ಟು ಸಂದಿಯಿಂದ ನೀರು ಜಿನುಗಿ, ಅದರ ಕೆಳಗೆ ನುಣುಪಾದ ಕೆಂಪು ಮಣ್ಣು ಇರುವೆಗೂಡಿನ ಬಾಯಲ್ಲಿ ಬಿದ್ದಿರುವಂತೆ ಪುಟ್ಟ ಗುಪ್ಪೆಯಾಗಿ ಬಿದ್ದಿತ್ತು. ಅದನ್ನು ಒರೆಸಿ ತೆಗೆದು ಮರುದಿನ ನೋಡಿದರೆ ಮತ್ತೆ ಬಿದ್ದಿತ್ತು.

ಇದು ಏಕೆ ಅಪಾಯವೆಂಬುದನ್ನು ಅವರು ಸಾವಧಾನವಾಗಿ ವಿವರಿಸಿದರು. ದುಂಡನೆಯ ಪೈಪಿನ ಕೆಳಮೈಗೆ ಮಣ್ಣನ್ನು ಒತ್ತಿ ತುಂಬುವುದು ಕಷ್ಟ. ಅಲ್ಲಿ ಉಳಿದ ಸಡಿಲಿನಲ್ಲಿ ನೀರು ದಾರಿ ಮಾಡಿಕೊಂಡು, ಹೊರತುದಿಯಿಂದ ಒಂದೊಂದೇ ಕಣ ಹೊತ್ತೊಯ್ಯುತ್ತಾ ಹಿಂದೆ ಹಿಂದೆ ಕೊರೆಯುತ್ತದೆ. ಕೊರೆತ ಕೆರೆಯ ನೀರನ್ನು ಮುಟ್ಟಿದ ಮೇಲೆ ಏರಿ ಉಳಿಯುವುದು ಗಂಟೆಗಳ ಮಾತು. ಅದೂ ಅಲ್ಲದೆ ವಾಲ್ವ್ ಹೊರತುದಿಯಲ್ಲಿರುವುದರಿಂದ ಏರಿಯ ಒಡಲಲ್ಲಿರುವ ಪೈಪು ಸದಾ ಪೂರ್ತಿ ಒತ್ತಡದಲ್ಲಿರುತ್ತದೆ. ಪೈಪು ಒಳಗೆ ಎಲ್ಲಿ ಬಿರುಕು ಬಿಟ್ಟರೂ ನೀರು ನೇರವಾಗಿ ಮಣ್ಣಿಗೆ ನುಗ್ಗುತ್ತದೆ. ಹಳೆಯ ಊರಕೆರೆಗಳಲ್ಲಿ ತೂಬಿನ ಬಾಯನ್ನು ಕೆರೆಯ ಒಳಗಡೆಯೇ ಮುಚ್ಚುವ ಏರ್ಪಾಡು ಇರುವುದು ಸುಮ್ಮನೆ ಅಲ್ಲ ಎಂದು ಅವರು ಹೇಳಿದಾಗ, ಅಗ್ಗದ ವಾಲ್ವ್ ಬಂದ ಮೇಲೆ ನಾವು ಆ ಬುದ್ಧಿಯನ್ನು ಕಳೆದುಕೊಂಡೆವೆಂದು ನನಗನಿಸಿತು. ಏಡಿಯ ಬಿಲಗಳ ಬಗ್ಗೆಯೂ ಕೇಳಿದೆ. 2019ರ ಜುಲೈ 2ರಂದು ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಸಚಿವರೊಬ್ಬರು ಏಡಿಗಳನ್ನು ದೂರಿ ನಗೆಪಾಟಲಾಗಿದ್ದರು. ಎಂಜಿನಿಯರರು ಮಾತ್ರ ನಗಲಿಲ್ಲ. ಏಡಿ, ಹೆಗ್ಗಣ, ಮುಳ್ಳುಹಂದಿ ಇವೆಲ್ಲ ಏರಿಯನ್ನು ಕೊರೆಯುವುದು ನಿಜ. ಸೋರುತ್ತಿದೆಯೆಂದು ಜನ ಹೇಳಿದ ಮೇಲೂ ಬಿಲ ಮುಚ್ಚದವರನ್ನು ಏಡಿ ಕಾಪಾಡುವುದಿಲ್ಲ ಎಂದಷ್ಟೇ ಅಂದರು.

ಇಷ್ಟಾದ ಮೇಲೂ ಅವರ ವರದಿಯ ಮೊದಲ ಸಾಲಿನಲ್ಲಿದ್ದದ್ದು ತೇವವೂ ಅಲ್ಲ, ತೂಬೂ ಅಲ್ಲ. ಕೋಡಿ.

ನಮ್ಮ ಕೆರೆಯ ಕೋಡಿ, ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಹರಿಯುವ ದಾರಿ, ಬಲಗಡೆಯ ಗುಡ್ಡದ ಅಂಚಿನಲ್ಲಿ ಆರೂವರೆ ಅಡಿ ಅಗಲವಿತ್ತು. 2016-17ರ ಬರದಲ್ಲಿ ನೀರು ಸಾಲದೆ ಹೋದಾಗ ದೊಡ್ಡಪ್ಪ ಅದರ ಮಟ್ಟವನ್ನು ಒಂದೂವರೆ ಅಡಿ ಕಾಂಕ್ರೀಟ್ ಹಾಕಿ ಎತ್ತರಿಸಿದ್ದರು. ಆ ಬೇಸಿಗೆಗಳನ್ನು ಕಂಡ ಯಾವ ಬೆಳೆಗಾರನೂ ಅದನ್ನು ಜಾಣತನವೆಂದೇ ಎಣಿಸುತ್ತಿದ್ದ. ಆಮೇಲೆ ಜೀಪು ದಾಟಲೆಂದು ಮೇಲೊಂದು ಚಪ್ಪಡಿ ಬಂತು; ಸಾಕಿದ ಮೀನು ಹೊರಹೋಗದಿರಲೆಂದು ಬಾಯಿಗೆ ತಂತಿಬಲೆ ಬಂತು. ಎಂಜಿನಿಯರರು ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಏರಿಯ ತಲೆಯ ಮಟ್ಟ ಹಿಡಿದಾಗ, ನಡುಭಾಗ ಎರಡೂ ಬದಿಗಳಿಗಿಂತ ಒಂದಡಿಗೂ ಹೆಚ್ಚು ಕುಗ್ಗಿರುವುದು ಗೊತ್ತಾಯಿತು. ಕೋಡಿಯ ಮಟ್ಟ ಏರಿದೆ, ಏರಿಯ ತಲೆ ಇಳಿದಿದೆ. ನಡುವೆ ಉಳಿದದ್ದು ಎರಡಡಿಗೂ ಕಡಿಮೆ.

ಅವರು ಕಾಫಿ ಕುಡಿಯುತ್ತಾ ಕಾಗದದ ಮೇಲೆ ಹಾಕಿದ ಲೆಕ್ಕ ಇದು. ಕೆರೆಗೆ ನೀರು ಬಂದು ಸೇರುವ ಜಾಗ 75 ಎಕರೆ, ಅಂದರೆ ಸುಮಾರು 30 ಹೆಕ್ಟೇರ್. ಜುಲೈ ಹೊತ್ತಿಗೆ ನೆಲ ನೆನೆದು ತುಂಬಿರುವಾಗ ಬಿದ್ದ ಮಳೆಯಲ್ಲಿ ಅರ್ಧ ಹರಿದುಬರುತ್ತದೆಂದೂ, ಗಂಟೆಗೆ 75 ಮಿಲಿಮೀಟರ್ ವೇಗದ ಒಂದು ಹೊಡೆತ ಬೀಳುತ್ತದೆಂದೂ ಹಿಡಿದರೆ, ಸೆಕೆಂಡಿಗೆ ಮೂರು ಘನ ಮೀಟರಿಗೂ ಹೆಚ್ಚು ನೀರು ಬರುತ್ತದೆ. ನಮ್ಮ ಕೋಡಿಯಲ್ಲಿ ಬಲೆಯೇ ಇಲ್ಲ, ನೀರು ಏರಿಯ ತಲೆಯನ್ನು ಮುಟ್ಟುವವರೆಗೆ ಏರಿದೆ ಎಂದುಕೊಂಡರೂ ಹೊರಹೋಗುವುದು ಸೆಕೆಂಡಿಗೆ 1.2 ಘನ ಮೀಟರ್ ಮಾತ್ರ. ಮಿಕ್ಕದ್ದು ಏರಿಯ ಮೇಲಿಂದಲೇ ದಾಟಬೇಕು, ಮತ್ತು ಅದು ದಾಟುವುದು ಕುಗ್ಗಿದ ನಡುಭಾಗದಲ್ಲಿ, ಏರಿ ಅತಿ ಎತ್ತರವಿರುವ ಕಡೆಯಲ್ಲಿ. ಮಣ್ಣಿನ ಏರಿಯ ಹಿಂಬದಿಗೆ ನೀರು ಧುಮುಕತೊಡಗಿದರೆ ಅದನ್ನು ತಡೆಯುವ ಉಪಾಯವಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದ ಮಳೆಯನ್ನು ಕಂಡವರಿಗೆ ಗಂಟೆಗೆ 75 ಮಿಲಿಮೀಟರ್ ಎಂಬ ಅಂಕಿ ಉತ್ಪ್ರೇಕ್ಷೆಯೆನಿಸುವುದಿಲ್ಲ.

ತೋಟದವರಿಗೆ ಸೋರಿಕೆ ಕಣ್ಣಿಗೆ ಬೀಳುವುದು ನೀರು ನಷ್ಟವಾಗುತ್ತದೆಂಬ ಕಾರಣಕ್ಕೆ. ಅದೇ ಕಾರಣಕ್ಕೆ ಕೋಡಿ ಕಿರಿದಾದಷ್ಟೂ, ಎತ್ತರವಾದಷ್ಟೂ ಲಾಭವೆನಿಸುತ್ತದೆ. ಸುತ್ತಲಿನ ತೋಟಗಳಲ್ಲಿ ವಿಚಾರಿಸಿದಾಗ ಕೋಡಿಗೆ ಮರಳುಚೀಲ ಒಟ್ಟದವರು ಅಪರೂಪವೆಂಬುದು ಗೊತ್ತಾಯಿತು.

ಆ ಬೇಸಿಗೆಯಲ್ಲಿ ಕೋಡಿಯ ಕೆಲಸವನ್ನೇ ಮೊದಲು ಹಿಡಿದೆವು. ಎತ್ತರಿಸಿದ ಕಾಂಕ್ರೀಟನ್ನು ಒಡೆಸಿ ಹಳೆಯ ಮಟ್ಟಕ್ಕೆ ಇಳಿಸಿದ್ದರಿಂದ ಸುಮಾರು 37 ಲಕ್ಷ ಲೀಟರ್ ಸಂಗ್ರಹ ಕಡಿಮೆಯಾಯಿತು. 36 ಎಕರೆಗೆ ಒಂದಿಂಚು ನೀರು ಹೋಯಿತೆಂದು ಲೆಕ್ಕ ಹಾಕಿಕೊಂಡಾಗ ಸಂಕಟವಾದದ್ದು ಸುಳ್ಳಲ್ಲ. ಅದನ್ನು ಕೆರೆಯ ಮೇಲ್ತುದಿಯ ಹೂಳು ತೆಗೆಸಿ ಸ್ವಲ್ಪ ಮಟ್ಟಿಗೆ ತುಂಬಿಕೊಂಡೆವು. ಏರಿಯ ಬುಡದ ಹತ್ತಿರ ಮಾತ್ರ ಹೂಳು ಮುಟ್ಟಕೂಡದೆಂದು ಎಂಜಿನಿಯರರು ಕಟ್ಟುನಿಟ್ಟಾಗಿ ಹೇಳಿದ್ದರು, ಏಕೆಂದರೆ ಅಲ್ಲಿ ಕೂತ ಹೂಳು ತಳದ ಸೋರಿಕೆಯನ್ನು ತಡೆಯುತ್ತಿರುತ್ತದೆ. ಕೋಡಿಯ ಅಗಲ ಐದು ಮೀಟರಾಯಿತು. ಚಪ್ಪಡಿ ಹೋಯಿತು, ಜೀಪಿಗೆ ಬೇರೆ ದಾರಿಯಾಯಿತು. ಬಲೆಯೂ ಹೋಯಿತು. ‘ಮೀನು ಹೋಗುತ್ತಲ್ಲಾ ಅಣ್ಣಾ’ ಎಂದು ಪೇಚಾಡಿದ ಮೇಸ್ತ್ರಿಗೆ ಸಮಾಧಾನ ಹೇಳುವುದು ಲೆಕ್ಕ ಅರ್ಥ ಮಾಡಿಕೊಂಡದ್ದಕ್ಕಿಂತ ಕಷ್ಟವಾಯಿತು.

ಅಗಲವಾದ ಕೋಡಿಯ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಕೆಳಗಿನ ಗದ್ದೆಯವರದು. ಹಳೆಯ ಕೋಡಿಕಾಲುವೆ ಅವರ ಬದುವಿನ ಪಕ್ಕದಲ್ಲಿಯೇ ಹಳ್ಳ ಸೇರುತ್ತಿತ್ತು. ‘ಏರಿ ಒಡೆದ್ರೆ ಒಂದ್ಸಲ ಹೋಗ್ತೀವಿ, ನೀನು ಕೋಡಿ ಅಗಲ ಮಾಡಿದ್ರೆ ವರ್ಷಾ ವರ್ಷಾ ಹೋಗ್ತೀವಲ್ಲೋ’ ಎಂದ ಹಿರಿಯರ ಮಾತಿನಲ್ಲಿ ನ್ಯಾಯವಿತ್ತು. ಬರುವ ಮಳೆನೀರು ಎಷ್ಟಿದೆಯೋ ಅಷ್ಟೇ, ಕೋಡಿ ಅದನ್ನು ಹೆಚ್ಚಿಸುವುದಿಲ್ಲ ಎಂದು ನಾನು ವಾದಿಸಿದೆ. ಆದರೆ ಕಿರಿದಾದ ಕೋಡಿ ನೀರನ್ನು ತಡೆದು ನಿಧಾನವಾಗಿ ಬಿಡುತ್ತಿತ್ತು, ಅಗಲವಾದದ್ದು ರಭಸದಿಂದ ಬಿಡುತ್ತದೆ ಎಂಬುದೂ ಸತ್ಯವೇ. ಕೊನೆಗೆ ನಮ್ಮ ಖರ್ಚಿನಲ್ಲಿ ಕಾಲುವೆಯನ್ನು ಅಗಲಿಸಿ, ತಳಕ್ಕೂ ಬದಿಗಳಿಗೂ ಕಾಡುಗಲ್ಲು ಹಾಸಿ, ಇಳಿಜಾರಿನಲ್ಲಿ ಮೆಟ್ಟಿಲು ಮಾಡಿ, ಅವರ ಗದ್ದೆ ದಾಟಿದ ಮೇಲೆ ಹಳ್ಳಕ್ಕೆ ಬಿಡುವುದೆಂದು ಒಪ್ಪಂದವಾಯಿತು. ಇಡೀ ಕೆಲಸದಲ್ಲಿ ಹೆಚ್ಚು ಹಣ ಹಿಡಿದದ್ದು ಈ ಕಲ್ಲುಹಾಸು.

ತೂಬಿನ ವಿಷಯದಲ್ಲಿ ಎರಡು ದಾರಿಗಳಿದ್ದವು: ಏರಿಯನ್ನು ಸೀಳಿ ಹೊಸ ಪೈಪು ಹಾಕುವುದು, ಇಲ್ಲವೇ ಹಳೆಯದನ್ನು ಶಾಶ್ವತವಾಗಿ ಮುಚ್ಚುವುದು. ನಮಗೆ ಸ್ಪ್ರಿಂಕ್ಲರಿಗೆ ಪಂಪು ಹೇಗೂ ಇದ್ದುದರಿಂದ ಎರಡನೆಯದನ್ನು ಆರಿಸಿಕೊಂಡೆವು. ಕೆರೆ ತಳಕ್ಕಿಳಿದಾಗ ಪೈಪಿನ ಒಳಬಾಯನ್ನು ಮುಚ್ಚಿ, ಹೊರಗಿನಿಂದ ಸಿಮೆಂಟ್ ಗಾರೆಯನ್ನು ಒತ್ತಡದಲ್ಲಿ ತುಂಬಿದರು. ಅಷ್ಟರಿಂದ ಪೈಪಿನ ಹೊರಮೈಯ ಸಂದಿ ಮುಚ್ಚಿತೆಂದು ನಂಬುವಂತಿಲ್ಲ. ಆದ್ದರಿಂದ ಹೊರತುದಿಯಲ್ಲಿ ಪೈಪಿನ ಸುತ್ತ ಮಣ್ಣು ಬಿಡಿಸಿ, ಮೊದಲು ಮರಳು, ಅದರಾಚೆಗೆ ಜಲ್ಲಿ ತುಂಬಿ, ಬರುವ ನೀರು ಹೊರಗೆ ಹರಿಯಲು ಕಿರುಕಾಲುವೆ ಬಿಟ್ಟರು. ಸೋರಿಕೆಯ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚುವುದು ನಮ್ಮಲ್ಲಿ ಎಲ್ಲರೂ ಮಾಡುವ ಚಿಕಿತ್ಸೆ. ಅದು ಒಳಗೆ ಒತ್ತಡ ಹೆಚ್ಚಿಸಿ ನೀರಿಗೆ ಬೇರೆ ದಾರಿ ಹುಡುಕಿಸುತ್ತದೆ. ಮರಳು ನೀರನ್ನು ಬಿಟ್ಟು ಮಣ್ಣಿನ ಕಣವನ್ನು ಹಿಡಿಯುತ್ತದೆ. ಆದರೆ ಆ ಮರಳಿನಲ್ಲಿ ದೂಳು ಇರಕೂಡದು. ಗುತ್ತಿಗೆದಾರರು ತಂದ ಎಂ-ಸ್ಯಾಂಡನ್ನು ಎಂಜಿನಿಯರರು ಒಂದು ಹಿಡಿ ತೆಗೆದು ನೀರಿನ ಬಾಟಲಿಗೆ ಹಾಕಿ ಕುಲುಕಿ ಜಗಲಿಯ ಮೇಲಿಟ್ಟರು. ಮರಳು ಕ್ಷಣದಲ್ಲಿ ತಳ ಸೇರಿತು, ಮೇಲಿನ ನೀರು ಊಟ ಮುಗಿಸಿ ಬಂದರೂ ಹಾಲಿನ ಬಣ್ಣದಲ್ಲಿಯೇ ಇತ್ತು. ಇಡೀ ಲೋಡನ್ನು ತೊಳೆಸಿದ ಮೇಲೆಯೇ ಬಳಸಲು ಬಿಟ್ಟರು. ತುರ್ತಿಗೆ ಕೆರೆಯನ್ನು ಇಳಿಸಲು ಏರಿಯ ಮೇಲಿಂದ ಸೈಫನ್ ಪೈಪು ಹಾಕಿಸಿದ್ದೇವೆ. ನೀರು ತಳಕ್ಕಿಳಿದಾಗ ಅದು ಎಳೆಯುವುದಿಲ್ಲ, ಆದರೆ ಅಪಾಯವಿರುವುದು ಕೆರೆ ತುಂಬಿದಾಗ.

ಕುಗ್ಗಿದ ನಡುಭಾಗವನ್ನು ಎತ್ತರಿಸುವಾಗ ಜೆಸಿಬಿ ಚಾಲಕನಿಗೂ ಎಂಜಿನಿಯರರಿಗೂ ಸಣ್ಣ ಜಗಳವೇ ನಡೆಯಿತು. ಬಕೆಟಿನಿಂದ ನಾಲ್ಕು ಸಲ ಕುಟ್ಟಿದರೆ ಸಾಕೆಂಬುದು ಚಾಲಕನ ಅನುಭವ. ಹಳೆಯ ಹುಲ್ಲು, ಮೇಲ್ಮಣ್ಣು ಹೆರೆದು ತೆಗೆದು, ನೆಲವನ್ನು ಗೀರಿ, ಆರೇಳು ಇಂಚಿನ ಪದರವೊಂದಕ್ಕೆ ನೀರು ಚಿಮುಕಿಸಿ, ರೋಲರ್ ಓಡಿಸಿದ ಮೇಲೆ ಮುಂದಿನ ಪದರ ಎಂಬುದು ಇವರ ಹಟ. ಮಣ್ಣಿನ ಹದ ನೋಡಲು ಅಂಗೈಯಲ್ಲಿ ಉಂಡೆ ಕಟ್ಟಿ, ಅದು ಕೈಗೆ ಮೆತ್ತದೆ, ಒತ್ತಿದರೆ ಎರಡು ಮೂರು ತುಂಡಾಗಿ ಒಡೆಯಬೇಕೆಂದು ತೋರಿಸಿಕೊಟ್ಟರು. ಮುಂದೆ ಮತ್ತೆ ಕುಗ್ಗುತ್ತದೆಂದು ನಡುವಿನಲ್ಲಿ ಅರ್ಧ ಅಡಿ ಹೆಚ್ಚಾಗಿಯೇ ಏರಿಸಿದ್ದಾರೆ.

ಏರಿಯ ಹೊರಮೈಯಲ್ಲಿ ಸಿಲ್ವರ್ ಓಕ್ ಮರಗಳಿದ್ದವು, ಅವಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೆವು. ಮರ ನಿಂತಿರುವಾಗ ಗಾಳಿಗೆ ಬುಡಸಮೇತ ಉರುಳುವ ಭಯ. ಕಡಿದುಬಿಟ್ಟರೆ ಕೆಲವು ವರ್ಷಗಳಲ್ಲಿ ಬೇರು ಕೊಳೆತು ಏರಿಯೊಳಗೆ ಕೊಳವೆಗಳಾಗುವ ಭಯ. ಕೆರೆ ಇಳಿದಿದ್ದಾಗಲೇ ಕಡಿಸಿ, ಬೊಡ್ಡೆಯನ್ನೂ ದಪ್ಪ ಬೇರುಗಳನ್ನೂ ಅಗೆಸಿ, ಗುಂಡಿಗಳನ್ನು ಪದರ ಪದರವಾಗಿ ತುಂಬಿಸಿದೆವು. ಈಗ ಅಲ್ಲಿ ಗರಿಕೆ ಇದೆ, ಬುಡದಲ್ಲಿ ಲಾವಂಚ.

ಬೆಳೆಗಾರರೆಲ್ಲ ಕೇಳಿಸಿಕೊಳ್ಳಬೇಕಾದ ಇನ್ನೊಂದು ಮಾತಿದೆ. ಹೂವಿನ ನೀರಿನ ಅವಸರದಲ್ಲಿ ಎರಡು ಎಂಜಿನ್ ಹಚ್ಚಿ ಹಗಲೂ ರಾತ್ರಿ ಎಳೆದರೆ ಕೆರೆಯ ಮಟ್ಟ ಬೇಗನೆ ಇಳಿಯುತ್ತದೆ, ಒಳಮೈಯ ಮಣ್ಣಿನಲ್ಲಿ ಹೀರಿಕೊಂಡ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಆ ಭಾರಕ್ಕೆ ಒಳಮೈ ಜಾರುತ್ತದೆ. ನಮ್ಮ ಏರಿಯ ಒಳಗಡೆ ಹಸುವಿನ ಮೆಟ್ಟಿಲೆಂದು ನಾವು ತಿಳಿದಿದ್ದ ಅಂಚು ಹಾಗೆ ಜಾರಿದ ಹಳೆಯ ಕುಸಿತವೆಂದು ಏಪ್ರಿಲ್‌ನ ಪರೀಕ್ಷೆಯಲ್ಲಿ ಗೊತ್ತಾಯಿತು. ಈಗ ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸುವುದಿಲ್ಲ. ಕೆಳಕ್ಕೆ ಹೋದಂತೆ ಕೆರೆಯ ಹರವು ಕಿರಿದಾಗುವುದರಿಂದ ಕೊನೆಗೆ ಒಂದೇ ಎಂಜಿನ್.

ಮಳೆಗಾಲ ಬಂದ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಒಂದು ಪುಸ್ತಕ ಇಟ್ಟಿದ್ದಾರೆ. ಕೆಸದ ಜಾಗದ ತೇವವನ್ನೆಲ್ಲ ಒಂದು ಕಾಲುವೆಗೆ ಸೇರಿಸಿ, ತುದಿಯಲ್ಲಿ ತಗಡಿನಲ್ಲಿ ಲಂಬಕೋನದ ‘ವಿ’ ಆಕಾರದ ಕಚ್ಚು ಕತ್ತರಿಸಿ ನಿಲ್ಲಿಸಿದ್ದೇವೆ. ನೀರು ಆ ಕಚ್ಚಿನಲ್ಲಿ ನಾಲ್ಕೂವರೆ ಸೆಂಟಿಮೀಟರ್ ಎತ್ತರ ಹರಿದರೆ ಸೆಕೆಂಡಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಮಳೆ ಬಿಟ್ಟ ದಿನ ಮಾತ್ರ ಅಳೆಯುವುದು, ಕೆರೆಯ ಮಟ್ಟವನ್ನೂ ಪಕ್ಕದಲ್ಲಿಯೇ ಬರೆಯುವುದು, ಲೋಟದಲ್ಲಿ ಹಿಡಿದು ಬಣ್ಣ ನೋಡುವುದು. ಕೆರೆಯ ಮಟ್ಟ ಏರದೆ ಸೋರಿಕೆ ಮಾತ್ರ ಏರಿದರೆ ಫೋನು ಮಾಡಿ ಎಂದು ಎಂಜಿನಿಯರರು ಹೇಳಿದ್ದಾರೆ. ಇದುವರೆಗೆ ಅಂಥದ್ದು ಕಂಡಿಲ್ಲ. ತೂಬಿನ ಬಾಯಲ್ಲಿ ಬರುವ ನೀರೂ ತಿಳಿಯಾಗಿದೆ. ಲೈನ್ ಮನೆಗಳಲ್ಲಿ, ರಾತ್ರಿ ಯಾರ ಬಾಗಿಲು ಮೊದಲು ತಟ್ಟಬೇಕು, ಯಾವ ಕಡೆಯ ಗುಡ್ಡ ಹತ್ತಬೇಕು ಎಂಬುದನ್ನು ಮಾತಾಡಿಕೊಂಡಿದ್ದೇವೆ. ಜುಲೈನ ಒಂದು ರಾತ್ರಿ ಕೋಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಗುರುತಿಸಿದ ಅಳತೆಯ 14 ಇಂಚಿನವರೆಗೆ ನೀರು ಹರಿದ ಕಸ ಅಂಟಿತ್ತು. ಐದು ಮೀಟರ್ ಅಗಲಕ್ಕೆ ಅದು ಸೆಕೆಂಡಿಗೆ 1.8 ಘನ ಮೀಟರಾಗುತ್ತದೆ. ಕಿರಿದಾದ ಕೋಡಿಯಿದ್ದಿದ್ದರೆ ಕೆರೆ ಇನ್ನಷ್ಟು ನೀರನ್ನು ತಡೆದಿಟ್ಟುಕೊಳ್ಳುತ್ತಿತ್ತೆಂದು ಒಪ್ಪಿದರೂ, ಹಳೆಯ 1.2ಕ್ಕೆ ಅದು ಒಗ್ಗುತ್ತಿತ್ತೆಂದು ನನಗನಿಸುವುದಿಲ್ಲ.

ಬಾಕಿಯಿರುವುದು ನಮ್ಮ ಕೈಯಲ್ಲಿಲ್ಲದ ಸಂಗತಿ. ನಮ್ಮ ಕೆರೆಗೆ ನೀರು ಬರುವ ಕಣಿವೆಯ ಮೇಲ್ತುದಿಯಲ್ಲಿ ಇನ್ನೊಬ್ಬರ ತೋಟದ ಕೆರೆಯಿದೆ. ಅದು ಒಡೆದರೆ ನಮ್ಮ ಐದು ಮೀಟರ್ ಕೋಡಿ ಯಾವ ಮೂಲೆಗೂ ಸಾಲದು. ಅದರ ಯಜಮಾನರನ್ನು ಕರೆತಂದು ನಮ್ಮ ಕೆಲಸ ತೋರಿಸಿ, ಲೆಕ್ಕದ ಕಾಗದವನ್ನೂ ಕೊಟ್ಟೆ. ಮೀನಿನ ಬಲೆಯನ್ನು ಆ ವಾರವೇ ತೆಗೆಸಿದರು. ಕೋಡಿಯ ಮರಳುಚೀಲಗಳ ಮಾತು ಬಂದಾಗ, ಈ ಸಲದ ಬ್ಯಾಕಿಂಗ್ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಎಂಜಿನಿಯರರನ್ನು ಅವರ ಏರಿಯ ಮೇಲೂ ಒಮ್ಮೆ ನಡೆಸಿಕೊಂಡು ಬರುವುದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿದೆ.